ಅಪ್‌ಡೇಟ್: ಮಾದರಿ ಸೇತುವೆಯ ಕೆಳಗಿನ ಹೊಳೆ ಕೊನೆಗೂ ತಿಳಿಯಾಯಿತು

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸೇತುವೆಯೊಂದನ್ನು 1:87 ಅಳತೆಯಲ್ಲಿ ಮಾಡಿ, ಅದರ ಕೆಳಗಿನ ಹೊಳೆಗೆ ನೀರಿನ ಬದಲು ಸುರಿದ ಎಪಾಕ್ಸಿ (ಕಲಸಿ ಸುರಿದರೆ ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ರಾಳ) ತುಂಬ ಗುಳ್ಳೆಗಳೆದ್ದು ಮೇಲ್ಮೈ ಮಬ್ಬಾಯಿತೆಂದು ಹನ್ನೆರಡು ದಿನಗಳ ಹಿಂದೆ ಸಹಾಯ ಕೇಳಿದ್ದೆ. ಈಗ ಹೊಳೆ ಸರಿಹೋಗಿದೆ.

ಗುಳ್ಳೆಗಳಿಗೆ ನನ್ನ ಕಲಸುವಿಕೆಯೇ ಕಾರಣವೆಂದು ಭಾವಿಸಿದ್ದೆ; ಆದರೆ ನಿಮ್ಮಲ್ಲೊಬ್ಬರು ಊಹಿಸಿದಂತೆ, ಪ್ಲಾಸ್ಟರ್‌ ತಳದ ಸೂಕ್ಷ್ಮ ರಂಧ್ರಗಳಲ್ಲಿದ್ದ ಗಾಳಿಯೇ ಮೇಲೇಳುತ್ತಿತ್ತು. ಹಳೆಯದನ್ನು ಕಿತ್ತು, ತಳಕ್ಕೆ ಬಣ್ಣ ಬಳಿದು, ಎರಡು ಬಾರಿ ವಾರ್ನಿಷ್ ಹಚ್ಚಿ ಒಣಗಿಸಿದ ಮೇಲೆ, ಒಂದೊಂದು ಪದರವೂ 3 ಮಿ.ಮೀ. ಮೀರದಂತೆ, ನಡುವೆ ಒಂದು ದಿನ ಬಿಟ್ಟು ಸುರಿದೆ. ಹೇರ್ ಡ್ರೈಯರ್‌ನ ಬಿಸಿಗಾಳಿ ಹಾಯಿಸುವ ಸಲಹೆ ನನಗೆ ಫಲಿಸಲಿಲ್ಲ: ಅದು ಗುಳ್ಳೆ ಒಡೆಯುವ ಬದಲು ಕೋಣೆಯ ಧೂಳನ್ನೆಲ್ಲ ತಂದು ಹೊಳೆಗೆ ಸುರಿಯಿತು. ಎಪಾಕ್ಸಿಯ ಬದಲು ಬಿಳಿ ಅಂಟನ್ನು ದಪ್ಪವಾಗಿ ಹಾಕಿದ ಪ್ರಯೋಗವೂ ಹಾಲಿನಂತೆ ಬೆಳ್ಳಗೆ ಉಳಿಯಿತು.

ಅಚ್ಚರಿಯ ಸಂಗತಿ ಮಬ್ಬಿನದು. ಮಳೆಗಾಲದ ತೇವಾಂಶಕ್ಕೆ ಎಪಾಕ್ಸಿಯ ಹಾರ್ಡನರ್ (ರಾಳವನ್ನು ಗಟ್ಟಿಯಾಗಿಸಲು ಬೆರೆಸುವ ದ್ರವ) ಮೇಲ್ಮೈಯಲ್ಲಿ ಮೇಣದಂತಹ ಪೊರೆ ಕಟ್ಟುತ್ತದೆಯಂತೆ. ಎರಡನೆಯ ಪದರದ ಮೇಲೆ ಮತ್ತೆ ಕಾಣಿಸಿಕೊಂಡಾಗ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಒರೆಸಿದರೆ ಸಲೀಸಾಗಿ ಹೋಯಿತು. ಇದು ಮೊದಲೇ ಗೊತ್ತಿದ್ದರೆ ಕಿತ್ತುಹಾಕುವ ಶ್ರಮ ಅರ್ಧವಾದರೂ ಉಳಿಯುತ್ತಿತ್ತೇನೋ.

ಅಲೆಗಳಿಗೆ ಹೊಳಪಿನ ಅಕ್ರಿಲಿಕ್ ಜೆಲ್ಲನ್ನು ಕುಂಚದಿಂದ ತಟ್ಟಿ ಎಬ್ಬಿಸಿದೆ, ಬಂಡೆಗಳ ಬಳಿಯ ನೊರೆಗೆ ಒಣ ಕುಂಚದಲ್ಲಿ ಬಿಳಿ ಬಣ್ಣ ಸವರಿದೆ. ನೀಲಿ ಬಣ್ಣವನ್ನು ಮಾತ್ರ ಬೇಕೆಂದೇ ಕೈಬಿಟ್ಟೆ, ಏಕೆಂದರೆ ಆಷಾಢದ ಘಾಟಿಯ ಹೊಳೆ ಕೆಮ್ಮಣ್ಣಿನ ಬಣ್ಣದ್ದೇ.