ಮೆಸ್ಸಿನ ಫೋಟೊ ಹಾಕಿದ್ದಕ್ಕೆ ಮುಚ್ಚಳಿಕೆ: ಸಹಿ ಹಾಕಬೇಕೇ?

ನನ್ನ ಮಗಳು ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂರನೇ ಸೆಮಿಸ್ಟರ್ ಓದುತ್ತಿದ್ದಾಳೆ. ಹಾಸ್ಟೆಲ್ ಮೆಸ್ಸಿನ ಸಾಂಬಾರಿನಲ್ಲಿ ಹುಳ ತೇಲುತ್ತಿದ್ದ ಫೋಟೊ ತೆಗೆದು, "ಸಸ್ಯಾಹಾರಿ ಮೆಸ್ಸಿನಲ್ಲಿ ಇಂದು ಮಾಂಸಾಹಾರ ಉಚಿತ" ಎಂದು ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದ್ದಳು. ಈಗ ಶಿಸ್ತು ಸಮಿತಿ ಕರೆಸಿದೆ. ಫೋಟೊ ಅಳಿಸಬೇಕಂತೆ, "ಸಂಸ್ಥೆಯ ವಿರುದ್ಧ ಸುಳ್ಳು ಹರಡಿದ್ದೇನೆ, ಇನ್ನು ಮುಂದೆ ಯಾವ ಮಾಧ್ಯಮದಲ್ಲೂ ಏನನ್ನೂ ಬರೆಯುವುದಿಲ್ಲ" ಎಂಬ ಮುಚ್ಚಳಿಕೆಗೆ ಸಹಿ ಹಾಕಬೇಕಂತೆ. ಸೋಮವಾರ ನಾನೂ ಹೋಗಬೇಕು. ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ಹಾಸನದ ತಾಯಿ

ಸಹಿ ಹಾಕಿ ಮುಗಿಸಿ ಸರ್. ನನ್ನ ಮಗನಿಗೂ ಹೀಗೇ ಆಗಿತ್ತು. ಹಾಲ್ ಟಿಕೆಟ್ ಅವರ ಕೈಯಲ್ಲಿ, ಇಂಟರ್ನಲ್ ಅಂಕ ಅವರ ಕೈಯಲ್ಲಿ. ಸಂವಿಧಾನ ನಮ್ಮ ಕೈಯಲ್ಲಿದ್ದು ಏನು ಪ್ರಯೋಜನ?

ಹಳೆಯ ವಿದ್ಯಾರ್ಥಿ, ಈಗ ನೌಕರಿಯಲ್ಲಿ

ಮೇಲಿನವರ ಭಯ ನನಗೆ ಅರ್ಥವಾಗುತ್ತದೆ. ಅದೇ ಭಯದಲ್ಲಿ ನಾನೂ ಸಹಿ ಹಾಕಿದವನು. ಪ್ರಯೋಗಾಲಯದಲ್ಲಿ ಕಂಪ್ಯೂಟರುಗಳು ಕೆಟ್ಟು ನಿಂತಿವೆ ಎಂದು ಬರೆದಿದ್ದೆ. ಅರ್ಧಕ್ಕರ್ಧ ಕೆಟ್ಟಿದ್ದವು, ಅದು ಎಲ್ಲರಿಗೂ ಗೊತ್ತಿತ್ತು. ಕೋಣೆಗೆ ಕರೆದರು, ಆರು ಜನ ಕುಳಿತಿದ್ದರು, ಮೇಜಿನ ಮೇಲೆ ಟೈಪ್ ಮಾಡಿಟ್ಟ ಹಾಳೆ. ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದು ಕೊಟ್ಟರು. ನಾನು ಕೊನೆಯ ಸಾಲಷ್ಟೇ ನೋಡಿದೆ. ಮೊದಲ ಸಾಲಿನಲ್ಲಿ "ದುರುದ್ದೇಶದಿಂದ ಸುಳ್ಳು ಮಾಹಿತಿ" ಎಂದಿತ್ತು. ಮರುವರ್ಷ ಪ್ಲೇಸ್‌ಮೆಂಟ್ ಪಟ್ಟಿಯಿಂದ ಹೆಸರು ಬಿಟ್ಟಾಗ ಕೇಳಲು ಹೋದರೆ, ಅದೇ ಹಾಳೆಯ ಜೆರಾಕ್ಸ್ ತೆಗೆದು ಮುಂದಿಟ್ಟರು.

ಹಾಗಾಗಿ ಒಂದೇ ಮಾತು: ಅವರ ಹಾಳೆಗೆ ಸಹಿ ಬೇಡ, ಬಿಳಿ ಹಾಳೆ ಕೇಳಿ. ಮಗಳು ತನ್ನ ಕೈಬರಹದಲ್ಲಿ ನಡೆದದ್ದನ್ನು ಬರೆಯಲಿ. ಯಾವ ದಿನ, ಯಾವ ಹೊತ್ತಿನ ಊಟ, ಯಾರಿಗೆ ಮೊದಲು ಹೇಳಿದಳು ಎಂಬುದಿರಲಿ. ಬೇಕಿದ್ದರೆ "ತಮಾಷೆಯ ಧಾಟಿಯಿಂದ ಬೇಸರವಾಗಿದ್ದರೆ ವಿಷಾದವಿದೆ" ಎಂದೂ ಸೇರಿಸಲಿ. ಧಾಟಿಗೆ ವಿಷಾದ ಹೇಳಬಹುದು, ಹುಳಕ್ಕೆ ಹೇಳಬೇಕಾಗಿಲ್ಲ. ಪತ್ರದ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಫೋಟೊ ಅಳಿಸುವುದಿದ್ದರೂ ಮೂಲ ಪ್ರತಿ ಮೊಬೈಲಿನಲ್ಲಿರಲಿ.

ವಕೀಲೆ, ಧಾರವಾಡ

ಸಂವಿಧಾನದ 19ನೇ ವಿಧಿಯ ಮಾತು ಬಂದೇ ಬರುತ್ತದೆ, ಆದ್ದರಿಂದ ಹೇಳಿಬಿಡುತ್ತೇನೆ. ವಾಕ್ ಸ್ವಾತಂತ್ರ್ಯವನ್ನು ಸರ್ಕಾರದ ವಿರುದ್ಧ ಕೇಳುವ ಹಕ್ಕೆಂದೇ ನಮಗೆ ಕಲಿಸಿದ್ದು. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 19ನೇ ವಿಧಿಯನ್ನೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯನ್ನೂ ಸರ್ಕಾರವಲ್ಲದವರ ವಿರುದ್ಧವೂ ಎತ್ತಬಹುದು ಎಂದು 4:1ರ ಬಹುಮತದಲ್ಲಿ ಹೇಳಿತು. ಒಪ್ಪದ ಆ ಒಬ್ಬರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಹುಳದ ಫೋಟೊಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ ಬಿಡಿ.

ಹತ್ತಿರದ ದಾರಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳದು. ಕಾಲೇಜಿನಲ್ಲಿ ಕುಂದುಕೊರತೆ ಸಮಿತಿ ಇರಲೇಬೇಕು, ಅದು ಸಾಧ್ಯವಾದಷ್ಟು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ದೂರು ವಿಚಾರಣಾಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಊಟದ ವಿಷಯ ಬೇರೆಯೇ: 2006ರ ಆಹಾರ ಸುರಕ್ಷತೆ ಕಾಯ್ದೆ ಮೆಸ್ಸಿಗೂ ಅನ್ವಯಿಸುತ್ತದೆ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು ಎಂದು ಸಭೆಯಲ್ಲಿ ಮೆಲ್ಲಗೆ ಹೇಳಿ ನೋಡಿ.

ಮಾನನಷ್ಟದ ಬೆದರಿಕೆ ಹಾಕಿದರೆ ಹೆದರಬೇಡಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನ ಮೊದಲ ವಿನಾಯಿತಿಯೇ, ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ. ಅದಕ್ಕೇ ಅವರಿಗೆ "ಸುಳ್ಳು ಹರಡಿದ್ದೇನೆ" ಎಂಬ ಪದ ಅಷ್ಟು ಬೇಕಾಗಿರುವುದು. ಹಳೆಯ ವಿದ್ಯಾರ್ಥಿ ಅಣ್ಣ ಹೇಳಿದ್ದು ಸರಿ.

ಉಪನ್ಯಾಸಕ

ನಾನು ಇಂಥ ಸಮಿತಿಗಳಲ್ಲಿ ಕುಳಿತವನು, ಹೆಸರು ಕೇಳಬೇಡಿ. ನಮ್ಮ ನೇಮಕಾತಿ ಪತ್ರದಲ್ಲಿಯೂ "ಏನನ್ನೂ ಬರೆಯುವುದಿಲ್ಲ" ಎಂಬ ಇದೇ ಸಾಲಿದೆ. ಮಗುವನ್ನು ಗದರುವ ಆರು ಜನರಲ್ಲಿ ನಾಲ್ವರು ಸ್ವತಃ ಅಂಥದ್ದಕ್ಕೆ ಸಹಿ ಹಾಕಿದವರು. ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ಮೂರು ದಶಕ ದಾಟಿದೆ. ಮಗುವಿನ ಪರವಾಗಿ ಕುರ್ಚಿ ಎಳೆದು ಕೂರುವವರು ಯಾರೂ ಇಲ್ಲ, ನೀವು ಕುಳಿತುಕೊಳ್ಳಿ.

ಇನ್ನೊಂದು, ಇದು ನಿಮಗೆ ಹಿಡಿಸದೆ ಇರಬಹುದು. ಎಲ್ಲ ಪೋಸ್ಟೂ ಹುಳದ ಫೋಟೊ ಅಲ್ಲ. ಹಿಂದೆ ನಮ್ಮ ಸಹೋದ್ಯೋಗಿಯೊಬ್ಬರ ತೊದಲು ಮಾತನ್ನು ಅಣಕಿಸಿ ಹುಡುಗರು ವಿಡಿಯೊ ಮಾಡಿದ್ದರು. ಆಕೆ ಹದಿನೈದು ದಿನ ತರಗತಿಗೆ ಬರಲಿಲ್ಲ. ಅವತ್ತು ಶಿಸ್ತು ಸಮಿತಿ ಬೇಕು ಎಂದು ನಾನೇ ವಾದಿಸಿದೆ. ತೊಂದರೆ ಏನೆಂದರೆ, ಎರಡಕ್ಕೂ ಕಾಲೇಜಿನ ಬಳಿ ಇರುವುದು ಅದೇ ಒಂದು ಹಾಳೆ.

ಕ್ಯಾಲಿಫೋರ್ನಿಯಾದಿಂದ

ಇಲ್ಲಿಯೂ ವಾಕ್ ಸ್ವಾತಂತ್ರ್ಯ ಕೊಡುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ, ಖಾಸಗಿ ವಿಶ್ವವಿದ್ಯಾಲಯವನ್ನಲ್ಲ. ಈ ರಾಜ್ಯ ಮಾತ್ರ 1992ರಲ್ಲಿ ಲಿಯೊನಾರ್ಡ್ ಕಾಯ್ದೆ ತಂದು, ಹೊರಗೆ ಆಡಬಹುದಾದ ಮಾತಿಗೆ ಕ್ಯಾಂಪಸ್ಸಿನೊಳಗೆ ಶಿಕ್ಷೆ ಕೊಡುವಂತಿಲ್ಲ ಎಂದಿತು. ಅದರ ಬಲದಲ್ಲೇ 1995ರಲ್ಲಿ ಇಲ್ಲಿನ ಖಾಸಗಿ ವಿಶ್ವವಿದ್ಯಾಲಯವಾದ ಸ್ಟ್ಯಾನ್‌ಫರ್ಡಿನ ಆಡಬಾರದ ಮಾತುಗಳ ನಿಯಮಾವಳಿ ಕೋರ್ಟಿನಲ್ಲಿ ಬಿತ್ತು. ಧಾರ್ಮಿಕ ಸಂಸ್ಥೆಗಳಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ. ನನ್ನ ಮಗ ಸೇರಿದಾಗ ನಾನು ಮೊದಲು ಓದಿದ್ದು ವಿದ್ಯಾರ್ಥಿ ಕೈಪಿಡಿಯನ್ನೇ. ನೀವೂ ಪ್ರವೇಶದ ದಿನ ಸಹಿ ಹಾಕಿದ್ದೇನೆಂದು ಹುಡುಕಿ ಓದಿಕೊಂಡು ಹೋಗಿ.

ಪ್ರಶ್ನೆ ಕೇಳಿದವನು, ಸೋಮವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಪ್ರವೇಶದ ದಿನದ ಹಾಳೆ ಸಿಕ್ಕಿತು; ರ‍್ಯಾಗಿಂಗ್ ಬಗ್ಗೆ ಇತ್ತು, ಬರೆಯುವುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬಿಳಿ ಹಾಳೆ ಕೇಳಿದೆವು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಯಾರೋ ಪ್ರಿಂಟರಿನಿಂದ ಒಂದು ಎಳೆದು ಕೊಟ್ಟರು. ಮಗಳು ಹನ್ನೊಂದು ಸಾಲು ಬರೆದಳು. ಪ್ರಾಂಶುಪಾಲರು ಎರಡು ಸಲ ಓದಿ, "ಅಕ್ಷರ ಚೆನ್ನಾಗಿದೆ" ಎಂದರು, ಬೇರೇನೂ ಹೇಳಲಿಲ್ಲ. ಸ್ವೀಕೃತಿ ಮುದ್ರೆಗೆ ಕಚೇರಿಗೆ ಹೋದರೆ ಗುಮಾಸ್ತರು ಊಟ ಮಾಡಿಕೊಂಡು ಬನ್ನಿ ಎಂದರು. ಮೆಸ್ಸಿನಲ್ಲೇ ಊಟ ಮಾಡಿದೆವು. ಮುದ್ರೆ ನಾಳೆಯಂತೆ.