ಕ್ರೂಸ್ ಹಡಗಿನ ಕ್ಯಾಬಿನ್‌ನಲ್ಲಿ ಟಿ.ವಿ. ಹೇಗಿರುತ್ತದೆ? ಹೋಗಿಬಂದವರು ದಯವಿಟ್ಟು ತಿಳಿಸಿ

ಬಳ್ಳಾರಿಯಿಂದ, ಕೇಳುತ್ತಿರುವವರು

ಎಲ್ಲರಿಗೂ ನಮಸ್ಕಾರ. ಸಿಂಗಪುರದಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ನಮ್ಮ ತಂದೆತಾಯಿಯವರಿಗಾಗಿ ಅಲ್ಲಿಂದ ಹೊರಡುವ ದೊಡ್ಡ ಕ್ರೂಸ್ ಹಡಗೊಂದರಲ್ಲಿ ಕ್ಯಾಬಿನ್ ಕಾಯ್ದಿರಿಸಿದ್ದಾನೆ. ಜೊತೆಗೆ ನಾನೂ ಹೋಗುತ್ತಿದ್ದೇನೆ. ಕಿಟಕಿಯಿಲ್ಲದ ಒಳಭಾಗದ ಕ್ಯಾಬಿನ್ ಸಿಕ್ಕಿದೆ. ತಂದೆಯವರಿಗೆ ಮಂಡಿನೋವು ಇರುವುದರಿಂದ ಮಧ್ಯಾಹ್ನದ ಹೊತ್ತೆಲ್ಲ ಅವರು ಕೋಣೆಯಲ್ಲಿಯೇ ಇರಬೇಕಾಗುತ್ತದೆ. ಅವರಿಗೆ ರಾತ್ರಿ ಒಂಬತ್ತರ ಕನ್ನಡ ವಾರ್ತೆ ಮತ್ತು ಕ್ರಿಕೆಟ್ ಬೇಕೇ ಬೇಕು, ಕಿವಿಯೂ ಸ್ವಲ್ಪ ಮಂದ. ತಾಯಿಯವರಿಗೆ ಇಂಗ್ಲಿಷ್ ಬರುವುದಿಲ್ಲ. ಕ್ಯಾಬಿನ್‌ನ ಟಿ.ವಿ.ಯಲ್ಲಿ ನಮ್ಮ ಚಾನೆಲ್‌ಗಳು ಬರುತ್ತವೆಯೇ, ಇಂಟರ್ನೆಟ್ ಪ್ಯಾಕೇಜಿಗೆ ಬೇರೆ ಹಣ ಕೊಡುವುದು ಸರಿಯೇ, ಮನೆಯಿಂದ ಏನು ಒಯ್ಯಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ರಾಯಚೂರಿನಿಂದ, ಕ್ರೂಸ್ ಹಡಗಿನ ಟಿ.ವಿ. ಮತ್ತು ಧ್ವನಿ ವಿಭಾಗದಲ್ಲಿ ಕೆಲಸ ಮಾಡಿ ಬಂದವರು

ಮೇಡಂ, ಹಡಗಿನವರು ಪ್ರತಿ ಕ್ಯಾಬಿನ್‌ಗೂ ಟಿ.ವಿ. ಹಾಕಿಸುವುದು ಹೊರಗಿನ ಚಾನೆಲ್‌ಗಳನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ಹಡಗಿನ ವಿಚಾರಗಳನ್ನು ಪ್ರಯಾಣಿಕರ ಕೋಣೆಗೆ ಮುಟ್ಟಿಸುವುದಕ್ಕೆ. ಇದನ್ನು ಮೊದಲೇ ತಿಳಿದುಕೊಂಡು ಹೋದರೆ ನಿರಾಶೆಯಾಗುವುದಿಲ್ಲ. ಸುರಕ್ಷತೆಯ ಚಿತ್ರ, ದಿನದ ಕಾರ್ಯಕ್ರಮಗಳ ಪಟ್ಟಿ, ಮುಂದಿನ ಬಂದರಿನ ಪರಿಚಯ, ಹಡಗು ಎಲ್ಲಿದೆ ಎಂದು ತೋರಿಸುವ ನಕ್ಷೆ, ನಿಮ್ಮ ಖಾತೆಗೆ ಬಿದ್ದಿರುವ ಖರ್ಚಿನ ವಿವರ ಇವೆಲ್ಲ ಹಡಗಿನೊಳಗೇ ತಯಾರಾಗುತ್ತವೆ. ಸಿನಿಮಾಗಳನ್ನು ಹಡಗಿನ ಸರ್ವರ್‌ನಲ್ಲಿ ಮೊದಲೇ ತುಂಬಿಟ್ಟಿರುತ್ತಾರೆ. ಹೊರಗಿನಿಂದ ನೇರವಾಗಿ ಬರುವುದು ಕೆಲವು ಅಂತರರಾಷ್ಟ್ರೀಯ ಸುದ್ದಿ ಮತ್ತು ಕ್ರೀಡಾ ಚಾನೆಲ್‌ಗಳು ಮಾತ್ರ, ಅವು ಉಪಗ್ರಹದ ಮೂಲಕ ಬರುತ್ತವೆ.

ಹಡಗಿನ ಮೇಲ್ಭಾಗದಲ್ಲಿ ಕಾಣುವ ದೊಡ್ಡ ಬಿಳಿ ಗುಮ್ಮಟಗಳೊಳಗೆ ಡಿಶ್ ಆಂಟೆನಾಗಳಿರುತ್ತವೆ. ಬಳ್ಳಾರಿಯ ಮನೆಯ ಮಾಳಿಗೆಯ ಮೇಲೆ ಡಿಶ್ ಅನ್ನು ಒಮ್ಮೆ ಆಗ್ನೇಯದ ಕಡೆಗೆ ತಿರುಗಿಸಿ ಬಿಗಿದರೆ ವರ್ಷಗಟ್ಟಲೆ ಅಲುಗಾಡಿಸಬೇಕಾಗಿಲ್ಲ. ಹಡಗು ಓಲಾಡುತ್ತಲೂ ದಿಕ್ಕು ಬದಲಿಸುತ್ತಲೂ ಇರುವುದರಿಂದ, ಅದರ ಡಿಶ್ ಅನ್ನು ಮೋಟಾರುಗಳು ಕ್ಷಣಕ್ಷಣಕ್ಕೂ ತಿರುಗಿಸುತ್ತ, ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದ ಕಡೆಗೇ ಹಿಡಿದಿಡುತ್ತವೆ. ಹಡಗಿನ ಹೊಗೆಕೊಳವೆ ಅಥವಾ ಕಂಬ ಅಡ್ಡ ಬಂದಾಗ ಕೆಲಸ ಇನ್ನೊಂದು ಗುಮ್ಮಟಕ್ಕೆ ವರ್ಗವಾಗುತ್ತದೆ. ಜೋರಾದ ಮಳೆ ಬಂದರೆ ಸಂಕೇತ ಕುಗ್ಗುತ್ತದೆ, ಸಿಂಗಪುರದ ಸುತ್ತಮುತ್ತ ಅಂಥ ಮಳೆ ಸಾಮಾನ್ಯ. ಆದ್ದರಿಂದ ಚಿತ್ರ ನಿಂತುಹೋದರೆ ರಿಮೋಟ್ ಒತ್ತುತ್ತ ಕೂರಬೇಡಿ, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ನಮ್ಮ ಡಿ.ಟಿ.ಎಚ್. ಕಂಪನಿಗಳ ಸಂಕೇತವನ್ನು ಭಾರತದ ಭೂಭಾಗಕ್ಕೆ ಬೀಳುವಂತೆ ಹೊಂದಿಸಿರುತ್ತಾರೆ, ಅದನ್ನು ಹಡಗಿನವರು ಹಿಡಿದು ಹಂಚುವುದೂ ಇಲ್ಲ. ಹೀಗಾಗಿ ಕನ್ನಡ ಚಾನೆಲ್‌ಗಳನ್ನು ದಯವಿಟ್ಟು ನಿರೀಕ್ಷಿಸಬೇಡಿ.

ಮೊಬೈಲ್‌ನಲ್ಲಿ ನೋಡಿಕೊಳ್ಳೋಣವೆಂದರೂ ಒಂದು ತೊಡಕಿದೆ. ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕನ್ನು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ. ಹಡಗಿನ ಇಂಟರ್ನೆಟ್ ಉಪಗ್ರಹದಿಂದ ಇಳಿದು ಭೂಮಿಗೆ ಸೇರುವುದು ಬೇರೆ ಯಾವುದೋ ದೇಶದ ನೆಲೆಯಲ್ಲಾದ್ದರಿಂದ, ನೀವು ಬಳ್ಳಾರಿಯಲ್ಲಿ ಹಣ ಕಟ್ಟಿದ ಆ್ಯಪ್ ಹಡಗಿನಲ್ಲಿ ‘ಈ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂದು ಹೇಳಿಬಿಡಬಹುದು. ಪಂದ್ಯಕ್ಕಾಗಿಯೇ ದುಬಾರಿ ಪ್ಯಾಕೇಜ್ ಕೊಳ್ಳುವುದು ಬೇಡವೆಂದು ನಾನು ಹೇಳುವುದು ಈ ಕಾರಣಕ್ಕೆ. ವೇಗದ ವಿಷಯದಲ್ಲಿ ಮಾತ್ರ ಈಚೆಗೆ ಬಹಳ ಸುಧಾರಣೆಯಾಗಿದೆ. ರಾಯಲ್ ಕೆರಿಬಿಯನ್ ಸಂಸ್ಥೆ ತನ್ನ ಹಡಗುಗಳಿಗೆ ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಅಳವಡಿಸುವುದಾಗಿ 2022ರಲ್ಲಿ ಪ್ರಕಟಿಸಿತು, ಬೇರೆ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಆ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿಯೇ ಸುತ್ತುವುದರಿಂದ ವಿಡಿಯೊ ಕರೆಯಲ್ಲಿ ಮಾತು ತಡವಾಗಿ ಮುಟ್ಟುವ ತೊಂದರೆ ಹೆಚ್ಚುಕಡಿಮೆ ಹೋಗಿದೆ. ಮೊಮ್ಮಕ್ಕಳ ಜೊತೆ ದಿನಕ್ಕೊಮ್ಮೆ ಮುಖ ನೋಡಿ ಮಾತನಾಡಬೇಕೆಂದಿದ್ದರೆ ಪ್ಯಾಕೇಜ್ ಕೊಳ್ಳಿ, ಅದಕ್ಕೆ ಬೆಲೆಯಿದೆ.

ಸಿಂಧನೂರಿನಿಂದ, ಅತ್ತೆಯವರ ಜೊತೆ ಪ್ರಯಾಣಿಸಿದವರು

ಅಕ್ಕನವರೇ, ನಾವೂ ಸಿಂಗಪುರದಿಂದಲೇ ಹೊರಟವರು, ನಮಗೂ ಒಳಗಿನ ಕ್ಯಾಬಿನ್ ಸಿಕ್ಕಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ವಯಸ್ಸಾದವರಿಗೆ ಇದು ನಾವು ಎಣಿಸಿದ್ದಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ. ಅದಕ್ಕೆ ನಮಗೆ ಒದಗಿಬಂದದ್ದು ಟಿ.ವಿ.ಯ ಒಂದು ಚಾನೆಲ್. ಹಡಗಿನ ಮುಂಭಾಗದಲ್ಲಿ ಇಟ್ಟಿರುವ ಕ್ಯಾಮೆರಾದ ನೇರ ಚಿತ್ರವನ್ನು ಅದರಲ್ಲಿ ಹಗಲು ರಾತ್ರಿ ತೋರಿಸುತ್ತಾರೆ. ರಾತ್ರಿ ಧ್ವನಿ ತೆಗೆದು ಅದನ್ನೇ ಇಟ್ಟು ಮಲಗಿದರೆ ಕೋಣೆಯಲ್ಲಿ ಕತ್ತಲೆಯೇ ಇರುತ್ತದೆ, ಬೆಳಗಾಗುತ್ತಿದ್ದಂತೆ ಪರದೆ ತಾನಾಗಿ ಬೆಳಗುತ್ತದೆ. ನಮ್ಮ ಅತ್ತೆಯವರು ಎದ್ದ ಕೂಡಲೇ ಸೂರ್ಯನನ್ನು ನೋಡಿ ಕೈಮುಗಿಯುವವರು, ಹಡಗಿನಲ್ಲಿ ಆ ಪರದೆಗೇ ಕೈಮುಗಿದರು. ಮಲಾಕ್ಕಾ ಜಲಸಂಧಿಯಲ್ಲಿ ಸಾಲುಸಾಲಾಗಿ ಸಾಗುವ ಸರಕು ಹಡಗುಗಳನ್ನು ಅವರು ಗಂಟೆಗಟ್ಟಲೆ ನೋಡಿದರು. ಅದರ ಪಕ್ಕದ ಚಾನೆಲ್‌ನಲ್ಲಿ ನಕ್ಷೆ, ಹಡಗಿನ ವೇಗ, ಗಾಳಿಯ ವೇಗ ಬರುತ್ತವೆ. ಅದನ್ನು ಓದುವುದಕ್ಕೆ ಇಂಗ್ಲಿಷ್ ಬೇಕಾಗಿಲ್ಲ, ಅಂಕಿ ಗೊತ್ತಿದ್ದರೆ ಸಾಕು.

ಹಡಗಿನ ಹೆಸರನ್ನು ತಮ್ಮನವರಿಂದ ಕೇಳಿಕೊಳ್ಳಿ. ರಾಯಲ್ ಕೆರಿಬಿಯನ್ ಸಂಸ್ಥೆಯ ಕ್ವಾಂಟಮ್ ವರ್ಗದ ಹಡಗಾಗಿದ್ದರೆ, ಒಳಗಿನ ಕ್ಯಾಬಿನ್‌ನಲ್ಲಿಯೂ ಒಂದು ಗೋಡೆಗೆ ನೆಲದಿಂದ ಮೇಲಿನವರೆಗೆ 80 ಇಂಚಿನ ಪರದೆ ಇರುತ್ತದೆ. ಅದರಲ್ಲಿ ಹೊರಗಿನ ಕ್ಯಾಮೆರಾದ ನೇರ ದೃಶ್ಯವೂ ಸಮುದ್ರದ ಸದ್ದೂ ಬರುತ್ತವೆ, ಬೇಡವೆನಿಸಿದರೆ ಆರಿಸಬಹುದು. ಡಿಸ್ನಿ ಡ್ರೀಮ್ ಹಡಗು 2011ರಲ್ಲಿಯೇ ಒಳಕೋಣೆಗಳಿಗೆ ದುಂಡನೆಯ ಕಿಟಕಿಯ ಆಕಾರದ ಇಂಥ ಪರದೆ ಹಾಕಿಸಿತ್ತು. ನಿಮ್ಮ ಹಡಗಿನಲ್ಲಿ ಆ ಸೌಲಭ್ಯ ಇದ್ದರೆ ಬಾಲ್ಕನಿಗೆ ಹೆಚ್ಚು ಹಣ ಕೊಟ್ಟು ಬದಲಾಯಿಸಿಕೊಳ್ಳುವ ಯೋಚನೆ ಬಿಡಬಹುದು ಎಂಬುದು ನನ್ನ ಅಭಿಪ್ರಾಯ.

ಸಿನಿಮಾ ಪಟ್ಟಿಯಲ್ಲಿ ಹಿಂದಿ ಚಿತ್ರಗಳು ಒಂದಷ್ಟಿದ್ದವು, ಕನ್ನಡ ಇರಲಿಲ್ಲ, ನಮ್ಮ ಸೀಮೆಯಲ್ಲಿ ಎಲ್ಲರೂ ನೋಡುವ ತೆಲುಗೂ ಇರಲಿಲ್ಲ. ನಾವು ಹೊರಡುವ ಮೊದಲೇ ಟ್ಯಾಬ್‌ನಲ್ಲಿ ಧಾರಾವಾಹಿಯ ಕಂತುಗಳನ್ನೂ ಕೆಲವು ಚಲನಚಿತ್ರಗಳನ್ನೂ ಡೌನ್‌ಲೋಡ್ ಮಾಡಿಕೊಂಡಿದ್ದೆವು. ಜೊತೆಗೆ ನಮ್ಮೂರ ಜಾತ್ರೆಯಲ್ಲಿ ಮೊಬೈಲ್‌ನಲ್ಲಿಯೇ ಹಿಡಿದಿದ್ದ ದೊಡ್ಡಾಟದ ವಿಡಿಯೊ ಇತ್ತು, ಅತ್ತೆಯವರು ಅತಿ ಹೆಚ್ಚು ನೋಡಿದ್ದು ಅದನ್ನೇ. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದಕ್ಕೆ ಅವಧಿ ಇರುತ್ತದೆ ಎಂಬುದನ್ನು ಮರೆಯಬೇಡಿ. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಚಿತ್ರಗಳು ನೋಡಲು ಆರಂಭಿಸಿದ 48 ಗಂಟೆಗಳಲ್ಲಿ ಮುಗಿದುಹೋಗುತ್ತವೆ. ನೀವೇ ಹಿಡಿದ ವಿಡಿಯೊಗೆ ಆ ಕಾಟವಿಲ್ಲ.

ಬಳ್ಳಾರಿಯಿಂದ, ಕೇಳಿದವರು

ಇಬ್ಬರಿಗೂ ತುಂಬ ಧನ್ಯವಾದಗಳು. ಟ್ಯಾಬ್‌ನಲ್ಲಿರುವುದನ್ನು ಕ್ಯಾಬಿನ್‌ನ ದೊಡ್ಡ ಪರದೆಗೆ ಹಾಕುವುದಕ್ಕೆ ಬರುತ್ತದೆಯೇ? ತಂದೆಯವರ ಕಣ್ಣಿಗೆ ಸಣ್ಣ ಪರದೆ ಆಯಾಸವಾಗುತ್ತದೆ.

ಗಂಗಾವತಿಯಿಂದ, ಅಕ್ಕಿ ಗಿರಣಿಯವರು

ಸಾಧ್ಯವಾಗಬಹುದು ಅಮ್ಮ, ಒಂದು ಎಚ್‌ಡಿಎಂಐ ಕೇಬಲ್ ಮತ್ತು ನಿಮ್ಮ ಟ್ಯಾಬ್‌ಗೆ ಹೊಂದುವ ಅಡಾಪ್ಟರ್ ಖಂಡಿತ ಇಟ್ಟುಕೊಳ್ಳಿ. ಅನೇಕ ಹಡಗುಗಳಲ್ಲಿ ಹೋಟೆಲುಗಳಲ್ಲಿರುವಂಥ ಟಿ.ವಿ.ಯನ್ನೇ ಹಾಕಿರುತ್ತಾರೆ. ಅದರ ರಿಮೋಟ್‌ನಲ್ಲಿ ಇನ್‌ಪುಟ್ ಬದಲಾಯಿಸುವ ಗುಂಡಿಯೇ ಇರುವುದಿಲ್ಲ, ಹಿಂಬದಿಯ ಸಾಕೆಟ್‌ಗೆ ಕೈ ಹೋಗದಂತೆ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ನಾನು ಹೋದ ಹಡಗಿನಲ್ಲಿ ಮಾತ್ರ ಪಕ್ಕದಲ್ಲಿಯೇ ಸಾಕೆಟ್ ಇತ್ತು, ಕ್ಯಾಬಿನ್ ನೋಡಿಕೊಳ್ಳುವವರನ್ನು ಕೇಳಿದಾಗ ಬೇರೆ ರಿಮೋಟ್ ತಂದುಕೊಟ್ಟರು. ಹೀಗೆ ಹಡಗಿನಿಂದ ಹಡಗಿಗೆ ವ್ಯತ್ಯಾಸವಿರುವುದರಿಂದ ಕೇಬಲ್ ಒಯ್ದು ನೋಡುವುದೇ ಒಳ್ಳೆಯದು. ಇಂಟರ್ನೆಟ್‌ನಿಂದ ಚಿತ್ರ ತೋರಿಸಲು ಟಿ.ವಿ.ಗೆ ಚುಚ್ಚುವ ಸ್ಟಿಕ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಹಡಗಿನ ವೈಫೈಗೆ ಲಾಗಿನ್ ಪುಟದ ಮೂಲಕ ಹೋಗಬೇಕು, ಅಲ್ಲಿಯೇ ಅವು ತಡವರಿಸುತ್ತವೆ. ಸ್ವಂತ ವೈಫೈ ರೌಟರ್ ತರುವುದನ್ನು ಹಲವು ಸಂಸ್ಥೆಗಳು ನಿಷೇಧಿಸಿವೆ.

ರಾಯಚೂರಿನ ಸರ್ ಹೇಳಿದ್ದರಲ್ಲಿ ಒಂದು ಮಾತಿಗೆ ಮಾತ್ರ ಸ್ವಲ್ಪ ಸೇರಿಸಬಯಸುತ್ತೇನೆ. ಹಡಗಿನ ಟಿ.ವಿ. ಸೂಚನೆಗಳಿಗಾಗಿ ಇರುವುದು ನಿಜ; ಆದರೆ ಸಿಲ್ವರ್‌ಸೀ, ಸೀಬೋರ್ನ್, ರೀಜೆಂಟ್ ಸೆವೆನ್ ಸೀಸ್‌ನಂಥ ಐಷಾರಾಮಿ ಸಂಸ್ಥೆಗಳ ಹಡಗುಗಳಲ್ಲಿ ಅದಕ್ಕಿಂತ ಬಹಳ ಹೆಚ್ಚಿನ ಸಿದ್ಧತೆ ಇರುತ್ತದೆ. ಬೇಕಾದಾಗ ಹಾಕಿಕೊಂಡು ನೋಡುವ ಚಿತ್ರಗಳೂ ವೈಫೈ ಕೂಡ ಪ್ರಯಾಣದರದಲ್ಲಿಯೇ ಸೇರಿರುತ್ತವೆ. ಆ ದರ್ಜೆಯ ಹಡಗೊಂದರಲ್ಲಿ ನಾನು ನಾರ್ವೆಗೆ ಹೋಗಿದ್ದೆ. ಉತ್ತರಕ್ಕೆ ಹೋದಷ್ಟೂ ಸಮಭಾಜಕದ ಮೇಲಿನ ಉಪಗ್ರಹ ದಿಗಂತದ ಕಡೆಗೆ ಇಳಿಯುತ್ತದೆ, ಫಿಯರ್ಡ್ ಎಂದು ಕರೆಯುವ ಆಳವಾದ ಕಣಿವೆಗಳೊಳಗೆ ಹಡಗು ನುಗ್ಗಿದಾಗ ಎರಡೂ ಕಡೆಯ ಬೆಟ್ಟಗಳು ಅದನ್ನು ಪೂರ್ತಿ ಮುಚ್ಚಿಬಿಡುತ್ತವೆ. ನೇರ ಚಾನೆಲ್‌ಗಳೆಲ್ಲ ನಿಂತುಹೋದವು. ಹಡಗಿನ ಸರ್ವರ್‌ನಲ್ಲಿದ್ದ ಚಿತ್ರಗಳು ಮಾತ್ರ ಎಂದಿನಂತೆ ನಡೆಯುತ್ತಿದ್ದವು. ಬೆಳಿಗ್ಗೆ ಸಭಾಂಗಣದಲ್ಲಿ ನಡೆದ ಉಪನ್ಯಾಸವನ್ನು ಮಧ್ಯಾಹ್ನ ಕ್ಯಾಬಿನ್‌ನ ಟಿ.ವಿ.ಯಲ್ಲಿ ಮತ್ತೆ ಹಾಕುತ್ತಿದ್ದರು. ಹಿಮನದಿಗಳು ಕಲ್ಲನ್ನು ಕೊರೆದು ಆ ಕಣಿವೆಗಳನ್ನು ಮಾಡಿದ ಬಗೆಯನ್ನು ಮಂಚದ ಮೇಲೆ ಒರಗಿ ಕೇಳಿ, ಬಳಿಕ ಮೇಲೆ ಹೋಗಿ ಅದನ್ನೇ ಕಣ್ಣಾರೆ ಕಂಡೆ. ಅಂಥ ತಿಳಿವಳಿಕೆ ಊರಿನ ಚಾನೆಲ್‌ನಿಂದ ಸಿಗುವುದು ಅಪರೂಪ. ಮಂಡಿನೋವಿನವರಿಗೆ ಈ ಮರುಪ್ರಸಾರ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಯಾವ ಗಂಟೆಗೆ ಯಾವ ಚಾನೆಲ್‌ನಲ್ಲಿ ಎಂದು ಸ್ವಾಗತ ಕೌಂಟರ್‌ನಲ್ಲಿ ಕೇಳಿ.

ತಂದೆಯವರನ್ನು ಒಂದು ಸಂಜೆಯಾದರೂ ಈಜುಕೊಳದ ಬಳಿಯ ದೊಡ್ಡ ಪರದೆಯ ಹತ್ತಿರ ಕರೆದುಕೊಂಡು ಹೋಗಿ. ಪ್ರಿನ್ಸೆಸ್ ಸಂಸ್ಥೆ 2004ರಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಹಡಗಿನಲ್ಲಿ ಬಯಲಿನ ಸಿನಿಮಾ ಪರದೆ ಆರಂಭಿಸಿದ ಮೇಲೆ ಇದು ಬಹಳ ಹಡಗುಗಳಿಗೆ ಹಬ್ಬಿದೆ. ಆರಾಮ ಕುರ್ಚಿಯಲ್ಲಿ ಒರಗಿ ಆಕಾಶದ ಕೆಳಗೆ ಚಿತ್ರ ನೋಡುವುದು, ನಮ್ಮ ಕಾಲದ ಟೂರಿಂಗ್ ಟಾಕೀಸಿನಂತೆಯೇ ಹಿತವಾಗಿರುತ್ತದೆ. ಲಿಫ್ಟ್ ಹತ್ತಿರದಲ್ಲಿಯೇ ಇರುವುದರಿಂದ ಮೆಟ್ಟಿಲು ಹತ್ತುವ ತೊಂದರೆ ಹೆಚ್ಚಿರುವುದಿಲ್ಲ.

ಬಳ್ಳಾರಿಯಿಂದ, ಪ್ರವಾಸದ ಟಿಕೆಟ್ ವ್ಯವಹಾರದವರು

ಹಣದ ವಿಷಯ ಎರಡೇ ಮಾತು. ಕೆಲವು ಹಡಗುಗಳಲ್ಲಿ ಸಿನಿಮಾಗೆ ಪ್ರತ್ಯೇಕ ಶುಲ್ಕವಿರುತ್ತದೆ, ರಿಮೋಟ್‌ನಲ್ಲಿ ಒಪ್ಪಿಗೆ ಒತ್ತಿದರೆ ನೇರವಾಗಿ ನಿಮ್ಮ ಖಾತೆಗೆ ಬೀಳುತ್ತದೆ. ಮೊದಲ ದಿನವೇ ಕೇಳಿ ಖರೀದಿಗೆ ಬೀಗ ಹಾಕಿಸಿ. ಮೊಬೈಲ್‌ಗಳನ್ನು ಹಡಗು ಬಂದರು ಬಿಡುವ ಮೊದಲೇ ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಇಟ್ಟುಕೊಳ್ಳಿ, ಇಲ್ಲವಾದರೆ ಸಮುದ್ರದ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ವಿಪರೀತ ಬರುತ್ತದೆ. ವಾರ್ತೆಯ ವೇಳೆಯನ್ನೂ ತಂದೆಯವರಿಗೆ ಮೊದಲೇ ಹೇಳಿಡಿ: ಸಿಂಗಪುರದ ಸಮಯ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ನಮ್ಮ ರಾತ್ರಿ 9ರ ವಾರ್ತೆ ಅಲ್ಲಿ 11.30ಕ್ಕೆ, ಸಂಜೆ 7.30ರ ಪಂದ್ಯ ರಾತ್ರಿ 10ಕ್ಕೆ ಆರಂಭವಾಗುತ್ತದೆ. ಕ್ಯಾಬಿನ್‌ನಲ್ಲಿ ಮಾತಿನಿಂದಲೇ ವಿಚಾರಿಸುವ ಸಾಧನಗಳೂ ಬಂದಿವೆ, ಎಂ.ಎಸ್.ಸಿ. ಸಂಸ್ಥೆ 2019ರಲ್ಲಿ ಬೆಲ್ಲಿಸ್ಸಿಮಾ ಹಡಗಿನಲ್ಲಿ ತಂದ ‘ಜೋಯಿ’ ಏಳು ಭಾಷೆಗಳಲ್ಲಿ ಉತ್ತರಿಸುತ್ತಿತ್ತು, ಅವುಗಳಲ್ಲಿ ಭಾರತದ ಭಾಷೆ ಯಾವುದೂ ಇರಲಿಲ್ಲ.

ರಾಯಚೂರಿನಿಂದ, ಮೊದಲು ಉತ್ತರಿಸಿದವರು

ಗಂಗಾವತಿಯ ಹಿರಿಯರು ಹೇಳಿದ ಮರುಪ್ರಸಾರದ ಮಾತನ್ನು ನಾನು ಒಪ್ಪುತ್ತೇನೆ. ನಮ್ಮ ವಿಭಾಗದವರು ಅದಕ್ಕಾಗಿ ಬಹಳ ಶ್ರಮಪಡುತ್ತಿದ್ದರು.

ಸ್ಪೈಕ್ ಬಸ್ಟರ್ ಬೋರ್ಡ್ ಮಾತ್ರ ಒಯ್ಯಬೇಡಿ. ಹಡಗಿನ ವಿದ್ಯುತ್ ವ್ಯವಸ್ಥೆ ನಮ್ಮ ಮನೆಯ ವೈರಿಂಗ್‌ನಂತಿಲ್ಲದ ಕಾರಣ ಅದರಲ್ಲಿರುವ, ವಿದ್ಯುತ್ ಏರಿಳಿತ ತಡೆಯುವ ಸರ್ಜ್ ಪ್ರೊಟೆಕ್ಟರ್ ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಲಗೇಜ್ ತಪಾಸಣೆಯಲ್ಲಿಯೇ ತೆಗೆದಿಟ್ಟುಕೊಳ್ಳುತ್ತಾರೆ. ಯು.ಎಸ್.ಬಿ. ಚಾರ್ಜರ್ ಮತ್ತು ವಿದೇಶದ ಪ್ಲಗ್‌ಗೆ ಹೊಂದುವ ಅಡಾಪ್ಟರ್ ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಹಡಗು ಹತ್ತಿದ ದಿನ ಕ್ಯಾಬಿನ್‌ನ ಟಿ.ವಿ.ಯಲ್ಲಿ ಸುರಕ್ಷತೆಯ ಚಿತ್ರ ಬರುತ್ತದೆ. 2020ರ ನಂತರ ಅನೇಕ ಸಂಸ್ಥೆಗಳು ಇದನ್ನು ಟಿ.ವಿ.ಯಲ್ಲಿ ಅಥವಾ ಆ್ಯಪ್‌ನಲ್ಲಿ ನೋಡಿ, ಬಳಿಕ ನಿಗದಿಯಾದ ಸ್ಥಳಕ್ಕೆ ಹೋಗಿ ಹಾಜರಾತಿ ಕೊಡುವ ಕ್ರಮ ತಂದಿವೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿ 32 ಜನ ತೀರಿಕೊಂಡಾಗ, ಅದೇ ಸಂಜೆ ಹತ್ತಿದ್ದ ಪ್ರಯಾಣಿಕರಿಗೆ ಈ ಸುರಕ್ಷತಾ ಅಭ್ಯಾಸ (ಡ್ರಿಲ್) ಇನ್ನೂ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮವನ್ನೇ ಬಿಗಿಗೊಳಿಸಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ಮುಗಿಯಬೇಕೆಂದು 2015ರಿಂದ ಕಡ್ಡಾಯಗೊಳಿಸಿದರು. ತಾಯಿಯವರಿಗೆ ಇಂಗ್ಲಿಷ್ ಬಾರದಿರುವುದರಿಂದ ಆ ಚಿತ್ರವನ್ನು ಅವರ ಪಕ್ಕದಲ್ಲಿಯೇ ಕುಳಿತು, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿಕೊಡಿ. ಲೈಫ್ ಜಾಕೆಟ್ ಎಲ್ಲಿದೆ, ಯಾವ ಮೆಟ್ಟಿಲು, ಯಾವ ಸ್ಥಳ ಎಂಬುದನ್ನು ಇಬ್ಬರನ್ನೂ ಕರೆದುಕೊಂಡು ನಡೆದೇ ತೋರಿಸಿ. ಸಾಮಾನ್ಯ ಪ್ರಕಟಣೆಗಳು ಓಡಾಡುವ ಜಾಗಗಳಲ್ಲಷ್ಟೇ ಕೇಳಿಸುತ್ತವೆ, ತುರ್ತು ಪ್ರಕಟಣೆ ಮಾತ್ರ ಕ್ಯಾಬಿನ್‌ನೊಳಗಿನ ಸ್ಪೀಕರ್‌ನಲ್ಲಿ ಬರುತ್ತದೆ. ತಂದೆಯವರಿಗೆ ಕಿವಿ ಮಂದ ಎಂದಿರಿ, ಟಿ.ವಿ.ಯಲ್ಲಿ ಸಬ್‌ಟೈಟಲ್ ಹಾಕಿಸಿಕೊಳ್ಳಬಹುದು. ಬಾಗಿಲು ತಟ್ಟಿದಾಗ ಅಥವಾ ಅಪಾಯದ ಗಂಟೆ ಬಾರಿಸಿದಾಗ ದೀಪ ಮಿನುಗಿಸಿ ತಿಳಿಸುವ ಸಾಧನಗಳ ಪೆಟ್ಟಿಗೆಯನ್ನೂ ಹಲವು ಸಂಸ್ಥೆಗಳು ಉಚಿತವಾಗಿ ಕೊಡುತ್ತವೆ. ಅವು ಕೆಲವೇ ಇರುವುದರಿಂದ ಹಡಗು ಹತ್ತಿದ ಮೇಲೆ ಕೇಳಿದರೆ ಸಿಗದೇ ಹೋಗಬಹುದು. ಕಾಯ್ದಿರಿಸಿದ ವಿವರಗಳು ತಮ್ಮನವರ ಬಳಿ ಇರುತ್ತವಲ್ಲ, ಈ ವಾರವೇ ಅವರಿಂದ ಸಂಸ್ಥೆಯ ವಿಶೇಷ ನೆರವಿನ ವಿಭಾಗಕ್ಕೆ ಬರೆಯಿಸಿ, ಒಪ್ಪಿಗೆಯ ಪತ್ರ ಬಂದ ಮೇಲೆ ಅದರ ಪ್ರತಿಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.