ಅಣ್ಣನ ಬಚ್ಚಲುಮನೆಯ ವಿಷಯ ಮೊದಲು

ಮಗಳೇ, ನಿನ್ನೆ ರಾತ್ರಿ ಗುಂಪಿನಲ್ಲಿ ನೀನು ಹಾಕಿದ್ದನ್ನು ಎರಡು ಸಲ ಓದಿದೆ. ಪಾರ್ಶ್ವವಾಯು ಹೊಡೆದ ಅಪ್ಪ ಆಸ್ಪತ್ರೆಯಿಂದ ಬಂದು ಮೂರು ವಾರವಾಯಿತು, ಎಡಗೈ ಎಡಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ರಾತ್ರಿಯೂಟ ಬೇಡವೆನ್ನುತ್ತಾರೆ, ತಟ್ಟೆಯಲ್ಲಿ ಅರ್ಧ ಬಿಟ್ಟು ಪಲ್ಯವನ್ನೇ ಬಡಿಸಲಿಲ್ಲವೆಂದು ಅಮ್ಮನ ಮೇಲೆ ರೇಗುತ್ತಾರೆ, ಕೂತಲ್ಲಿಗೇ ಎಲ್ಲ ತಂದುಕೊಟ್ಟರೂ ಸಮಾಧಾನವಿಲ್ಲ, ಏನು ಮಾಡಲಿ ಅತ್ತೆ ಎಂದು ಕೇಳಿದ್ದೀಯೆ. ಟೈಪ್ ಮಾಡಲು ನನ್ನ ಬಲಗೈ ಈಗಲೂ ನಿಧಾನವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ದೀರ್ಘವಾದರೂ ಪೂರ್ತಿ ಕೇಳು, ಅತ್ತಿಗೆಗೂ ಕೇಳಿಸು.

ನಾಲ್ಕು ವರ್ಷದ ಹಿಂದೆ ನನಗೆ ಬಲಭಾಗಕ್ಕೆ ಪಾರ್ಶ್ವವಾಯು ಹೊಡೆದದ್ದು ನಿನಗೆ ನೆನಪಿದೆ. ನನಗೆ ಊಟದ ಕೈ ಹೋಗಿತ್ತು, ನಿನ್ನ ಅಪ್ಪನಿಗೆ ತೊಳೆಯುವ ಕೈ ಹೋಗಿದೆ. ಈ ಮಾತನ್ನು ಇಷ್ಟು ಬಿಚ್ಚಿ ಹೇಳುತ್ತಿರುವುದಕ್ಕೆ ಯಾರೂ ಬೇಸರಪಡಬೇಡಿ, ಏಕೆಂದರೆ ಅಣ್ಣನ ಸಿಟ್ಟಿನ ಬೇರು ಇಲ್ಲಿಯೇ ಇದೆಯೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಹುಟ್ಟಿದಂದಿನಿಂದ ಎಡಗೈಯಲ್ಲಿ ಮಾಡಿಕೊಂಡು ಬಂದ ಶೌಚದ ಕೆಲಸಕ್ಕೆ ಈಗ ಊಟ ಮಾಡುವ ಬಲಗೈಯನ್ನು ಬಳಸಲು ಅವನ ಮನಸ್ಸು ಒಪ್ಪುವುದಿಲ್ಲ, ಹೆಂಡತಿಯ ಕೈಯಲ್ಲಿ ಮಾಡಿಸಿಕೊಳ್ಳಲು ಮೊದಲೇ ಒಪ್ಪುವುದಿಲ್ಲ. ರಾತ್ರಿ ಉಂಡರೆ ನಡುರಾತ್ರಿ ಅತ್ತಿಗೆಯನ್ನು ಎಬ್ಬಿಸಬೇಕಾದೀತೆಂಬ ಅಂಜಿಕೆಯಿಂದ ಹಸಿವಿಲ್ಲವೆನ್ನುತ್ತಿದ್ದಾನೆ. ಮೊದಲ ತಿಂಗಳು ನಾನೂ ಸಂಜೆ ಆರರ ಮೇಲೆ ತೊಟ್ಟು ನೀರು ಕುಡಿಯುತ್ತಿರಲಿಲ್ಲ, ಅದರಿಂದ ಮಲಬದ್ಧತೆಯಾಗಿ ಇನ್ನಷ್ಟು ಒದ್ದಾಡಿದೆ.

ಆದ್ದರಿಂದ ಮೊದಲು ಸರಿಮಾಡಬೇಕಾದದ್ದು ಬಚ್ಚಲುಮನೆ. ನಿಮ್ಮದು ಹಳೆಯ ಕಾಲದ ಕುಕ್ಕರುಗಾಲಿನಲ್ಲಿ ಕೂರುವ ಪಾಯಿಖಾನೆ. ಅದನ್ನು ಒಡೆಸುವ ತನಕ ಕಾಯಬೇಡ, ಅದರ ಮೇಲೆ ನಿಲ್ಲಿಸುವ ತೂತಿನ ಕುರ್ಚಿ ವೈದ್ಯಕೀಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಗಾಲಿಯಿಲ್ಲದ್ದನ್ನೇ ತಾ. ಕೂತಾಗ ಬಲಗಡೆಗೆ ಬರುವ ಗೋಡೆಗೆ ಸ್ಟೀಲಿನ ಹಿಡಿಯನ್ನು ಭದ್ರವಾಗಿ ಹಾಕಿಸು. ಟವೆಲ್ ತೂಗುಹಾಕುವ ಕಂಬಿ ಮನುಷ್ಯನ ಭಾರ ತಡೆಯುವುದಿಲ್ಲ. ನೀರಿನ ಜೆಟ್ ಸ್ಪ್ರೇಯನ್ನೂ ಬಲಗಡೆಗೇ ತರಿಸು, ಅದರ ಒತ್ತಡ ಸರಿಯಾಗಿದ್ದರೆ ಕೈ ಹೆಚ್ಚು ಬಳಸಬೇಕಾದ ಪ್ರಮೇಯವೇ ಬರುವುದಿಲ್ಲ. ನೆಲ ಒಣಗಿರಲಿ, ಹವಾಯಿ ಚಪ್ಪಲಿ ಬೇಡ, ರಾತ್ರಿಯಿಡೀ ಸಣ್ಣ ದೀಪವೊಂದು ಉರಿಯುತ್ತಿರಲಿ. ಒಳಗಿನ ಚಿಲಕ ಹಾಕಬಾರದು, ಆದರೆ ಬಾಗಿಲು ಮುಚ್ಚಿಕೊಳ್ಳಲು ಬಿಡಿ, ಒಳಗೊಂದು ಕರೆಗಂಟೆ ಇಡಿ, ಅವನು ಗಂಟೆ ಒತ್ತುವವರೆಗೂ ಯಾರೂ ‘ಆಯಿತೇ’ ಎಂದು ಕೂಗಬೇಡಿ. ಲುಂಗಿ ಕಾಲಿಗೆ ತೊಡರುತ್ತದೆ, ಒಂದು ಕೈಯಲ್ಲಿ ಕಟ್ಟಲೂ ಬರುವುದಿಲ್ಲ. ಸೊಂಟಕ್ಕೆ ಎಲಾಸ್ಟಿಕ್ ಇರುವ ಸಡಿಲ ಪೈಜಾಮ ಹೊಲಿಸಿದರೆ ಅರ್ಧ ಪರದಾಟ ಅಲ್ಲಿಯೇ ಮುಗಿಯುತ್ತದೆ.

ಇನ್ನು ಪಲ್ಯದ ವಿಚಾರ. ಅವನು ಸುಳ್ಳು ಹೇಳುತ್ತಿಲ್ಲ, ಹಟವನ್ನೂ ಮಾಡುತ್ತಿಲ್ಲ. ಮೈಯ ಎಡಭಾಗ ಸೋತಿದೆಯೆಂದರೆ ಪೆಟ್ಟಾಗಿರುವುದು ಮೆದುಳಿನ ಬಲಭಾಗಕ್ಕೆ. ಹಾಗಾದವರಲ್ಲಿ ಹಲವರಿಗೆ, ಕಣ್ಣು ಚೆನ್ನಾಗಿಯೇ ಇದ್ದರೂ ಎಡಗಡೆಯ ಲೋಕದ ಕಡೆಗೆ ಗಮನವೇ ಹರಿಯುವುದಿಲ್ಲ. ಹಾಗಾಗಿ ತಟ್ಟೆಯ ಬಲ ಅರ್ಧ ಖಾಲಿಯಾಗುತ್ತದೆ, ಎಡ ಅರ್ಧ ಹಾಗೆಯೇ ಉಳಿಯುತ್ತದೆ. ಎಡಕೆನ್ನೆಯ ಗಡ್ಡವನ್ನೂ ಹಾಗೆಯೇ ಬಿಡುತ್ತಿದ್ದಾನೆಯೋ, ಬಾಗಿಲ ಚೌಕಟ್ಟಿಗೆ ಎಡಭುಜ ತಗಲಿಸಿಕೊಳ್ಳುತ್ತಾನೆಯೋ ನೋಡಿ ಡಾಕ್ಟರಿಗೆ ಹೇಳು. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ಆ ಕೆಂಪು ಕಾಣುವವರೆಗೂ ಕತ್ತು ತಿರುಗಿಸಿ ಹುಡುಕಿ ಆಮೇಲೆ ಉಣ್ಣುವಂತೆ ದಿನಾ ನೆನಪಿಸಿ. ಸ್ವಾಧೀನವಿಲ್ಲದ ಎಡಗೈಯನ್ನು ಮಡಿಲಲ್ಲಿ ಮರೆಯಲು ಬಿಡದೆ ಮೇಜಿನ ಮೇಲೆ, ಅವನ ಕಣ್ಣಿಗೆ ಕಾಣುವಂತೆ ಇಡಿಸಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನಂತೂ ಈ ದಿನವೇ ಡಾಕ್ಟರಿಗೆ ತಿಳಿಸಬೇಕು, ನುಂಗುವ ಶಕ್ತಿ ಕುಂದಿದವರಿಗೆ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವಿರುತ್ತದೆ.

ಅಂಗಿ ಹಾಕಿಕೊಳ್ಳುವಾಗ ಮೊದಲು ಎಡತೋಳು, ಆಮೇಲೆ ಬಲತೋಳು. ಬಿಚ್ಚುವಾಗ ಮೊದಲು ಬಲ, ಆಮೇಲೆ ಎಡ. ಮೆಟ್ಟಿಲು ಹತ್ತುವಾಗ ಗಟ್ಟಿಕಾಲು ಮುಂದೆ, ಇಳಿಯುವಾಗ ಸೋತಕಾಲು ಮುಂದೆ. ಊರುಗೋಲು ಬಲಗೈಯಲ್ಲಿ, ಜೊತೆಗೆ ನಿಲ್ಲುವವರು ಎಡಗಡೆ. ಏಳಿಸುವ ಅವಸರದಲ್ಲಿ ಎಡಗೈ ಹಿಡಿದು ಮಾತ್ರ ಎಳೆಯಬೇಡಿ, ಬಿಗಿ ಕಳೆದುಕೊಂಡ ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋಯುತ್ತದೆ. ನನ್ನದು ಹಾಗೆಯೇ ಆಯಿತು, ಎಳೆದವರು ಪ್ರೀತಿಯಿಂದಲೇ ಎಳೆದಿದ್ದರು.

ನಾನು ನಿಮ್ಮೆಲ್ಲರಲ್ಲಿ ಬೇಡಿಕೊಳ್ಳುವುದು ಒಂದೇ: ಅವನಿಂದ ಆಗುವ ಕೆಲಸವನ್ನು, ಎಷ್ಟೇ ಹೊತ್ತು ಹಿಡಿದರೂ, ಅವನೇ ಮಾಡಲಿ. ನಾನು ಮೊದಲ ಸಲ ಎಡಗೈಯೊಂದರಲ್ಲೇ ರವಿಕೆಯ ಹುಕ್ಕು ಹಾಕಿಕೊಂಡ ಬೆಳಿಗ್ಗೆ ನಾಲ್ಕು ಹುಕ್ಕಿಗೆ ಇಪ್ಪತ್ತೈದು ನಿಮಿಷವಾಯಿತು. ನಿನ್ನ ಮಾವ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು, ಎರಡು ಸಲ ಮುಂದೆ ಬಂದು ಎರಡು ಸಲವೂ ತಮ್ಮನ್ನು ತಾವೇ ತಡೆದುಕೊಂಡರು. ಆ ದಿನ ಅವರು ಹಾಗೆ ನಿಂತದ್ದಕ್ಕಾಗಿ ನಾನು ಈಗಲೂ ಅವರಿಗೆ ಋಣಿಯಾಗಿದ್ದೇನೆ. ಒಂದು ಕೈಯಿಂದ ಆಗದ ಕೆಲಸದಲ್ಲಿ ಸೋತ ಕೈಗೂ ಪಾಲಿರಲಿ, ಬಲಗೈ ಮುಚ್ಚಳ ತಿರುಗಿಸುವಾಗ ಎಡಗೈ ಡಬ್ಬಿಯ ಮೇಲೆ ಭಾರವಾಗಿಯಾದರೂ ಕುಳಿತಿರಲಿ. ಬಳಸಿದಷ್ಟೂ ಮೆದುಳು ಹೊಸ ದಾರಿ ಹುಡುಕುತ್ತದೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆದರೆ ಆರು ತಿಂಗಳಾದ ಮೇಲೆ ಬಾಗಿಲು ಮುಚ್ಚುವುದಿಲ್ಲ, ನಾನು ನೆರಿಗೆ ಹಿಡಿದು ಸೀರೆ ಉಟ್ಟದ್ದು ಹದಿನಾಲ್ಕನೆಯ ತಿಂಗಳಲ್ಲಿ. ಸ್ನಾನವೊಂದಕ್ಕೇ ಸುಸ್ತಾಗಿ ಅವನು ಮಲಗಿಬಿಟ್ಟರೆ ಅದು ಸೋಮಾರಿತನವಲ್ಲ, ಅರ್ಧ ಗಂಟೆ ಬಿಟ್ಟು ಮುಂದಿನ ಕೆಲಸ ಹೇಳಿ. ಈ ನಿತ್ಯದ ಕೆಲಸಗಳನ್ನು ಕಲಿಸುವವರಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಎನ್ನುತ್ತಾರೆ, ಅವರು ಫಿಸಿಯೋಥೆರಪಿಯವರಿಗಿಂತ ಬೇರೆ. ಮುಂದಿನ ತಪಾಸಣೆಗೆ ಹೋದಾಗ ನೀನಾಗಿಯೇ ಕೇಳು. ನಿಮ್ಮೂರಲ್ಲಿ ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಾರ್ಶ್ವವಾಯುವಿನಂಥ ಕಾಯಿಲೆಯಾದವರಿಗೆಂದೇ ಪುನರ್ವಸತಿ ವಿಭಾಗವಿದೆ.

ಗುಂಪಿನಲ್ಲಿ ಚಿಕ್ಕಪ್ಪ ನಾಟಿವೈದ್ಯರ ಎಣ್ಣೆಯ ಮಾತೆತ್ತಿದ್ದರು. ಮೆತ್ತಗೆ ಎಣ್ಣೆ ಸವರುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಬಿಸಿ ಎಣ್ಣೆ, ಬಿಸಿನೀರಿನ ಶಾಖ ಬೇಡ, ಸ್ಪರ್ಶಜ್ಞಾನವಿಲ್ಲದ ಕೈ ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಬಿ.ಪಿ. ಮಾತ್ರೆಯನ್ನು ಯಾರ ಮಾತು ಕೇಳಿಯೂ ಒಂದು ದಿನವೂ ತಪ್ಪಿಸಬೇಡಿ, ಇನ್ನೊಮ್ಮೆ ಹೊಡೆಯದಂತೆ ಕಾಯುವುದು ಅದೇ. ಅಣ್ಣ ಸುಮ್ಮಸುಮ್ಮನೆ ಅಳುತ್ತಾನೆಂದೂ ಬರೆದಿದ್ದೀಯೆ. ಈ ಕಾಯಿಲೆಯಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಔಷಧಿಯುಂಟು, ಡಾಕ್ಟರಿಗೆ ಹೇಳಲು ಸಂಕೋಚ ಬೇಡ.

ಇನ್ನೊಂದು ಮಾತು. ಎಡಗೈಯಲ್ಲಿ ಉಣ್ಣುವ ನಾಚಿಕೆಗೆ ನಾನು ಒಂದು ವರ್ಷ ಯಾವ ಮದುವೆ ಮುಂಜಿಗೂ ಹೋಗಿರಲಿಲ್ಲ. ಕೊನೆಗೆ ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ಪಂಕ್ತಿಯಲ್ಲಿ ಅಣ್ಣ ನನ್ನ ಎಲೆಯ ಎಡಬದಿಗೆ ಒಂದು ಚಮಚ ಇಟ್ಟು, ಏನನ್ನೂ ಹೇಳದೆ, ಪಕ್ಕದಲ್ಲಿ ಕುಳಿತು ಉಂಡ. ಅವನಿಗೂ ಈಗ ಹಾಗೆ ಏನನ್ನೂ ಹೇಳದೆ ಮಾಡಬೇಕಾದ ಸಹಾಯ ಬೇಕಾಗಿದೆ.

ಭಾನುವಾರ ನಾವಿಬ್ಬರೂ ಬರುತ್ತೇವೆ. ಅಷ್ಟರೊಳಗೆ ಪ್ಲಂಬರ್ ಬಂದರೆ ಹಿಡಿಯನ್ನೂ ಜೆಟ್ಟನ್ನೂ ನಿನ್ನ ಅಂದಾಜಿಗೆ ಹಾಕಿಸಬೇಡ. ಅಣ್ಣನನ್ನೇ ಆ ಕುರ್ಚಿಯ ಮೇಲೆ ಕೂರಿಸಿ ಕೈಗೆ ಒಂದು ಸೀಮೆಸುಣ್ಣ ಕೊಡು, ಕೈ ಸಲೀಸಾಗಿ ಎಲ್ಲಿಗೆ ಹೋಗುತ್ತದೆಯೋ ಅಲ್ಲಿ ಗೋಡೆಗೆ ಅವನೇ ಗುರುತು ಹಾಕಲಿ.